ಬಾಗಿಲಲ್ಲಿ ಹೇಳಬೇಕಾದ ಹೆಸರು

ನಮ್ಮ ಪಕ್ಕದ ಮನೆಯ ಸುಶ್ರುತನ ಮಾತನ್ನು ಅವನಿಗಿಂತ ಹೆಚ್ಚಾಗಿ ಅವನ ಅಮ್ಮ ಭಾಗೀರಥಿಯೇ ಆಡಿದ್ದಾಳೆ. ಹುಡುಗ ಚಿಕ್ಕವನಿದ್ದಾಗ "ನಂಗೆ ದೋ…" ಎಂದು ಉಗ್ಗುವಷ್ಟರಲ್ಲಿ ಇವಳು ದೋಸೆ ಎರೆದೂ ಆಗಿರುತ್ತಿತ್ತು. ಪಾಪ, ಅವನಿಗೆ ದೋಸ್ತನ ಮನೆಗೆ ಹೋಗಬೇಕಿರುತ್ತಿತ್ತು. ಹೇಳಿ ಮುಗಿಸುವ ಕಷ್ಟಕ್ಕಿಂತ ತಿನ್ನುವುದೇ ಸಲೀಸೆಂದು ತಿಂದುಬಿಡುತ್ತಿದ್ದ.

ಉಡುಪಿಯಿಂದ ಡೊಂಬಿವಲಿಗೆ ಯಾರೇ ಬರಲಿ, ಭಾಗೀರಥಿ ಬಜೆಯ ಬೇರು ತರಿಸಿ, ಜೇನಿನಲ್ಲಿ ತೇಯ್ದು ಮಗನ ನಾಲಿಗೆಗೆ ತಿಕ್ಕುತ್ತಿದ್ದಳು. ನಾಲಿಗೆ ಉರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಪ್ರೀತಿಯಿಂದಲೇ ಮಾಡುತ್ತಿದ್ದಳು, ಆದರೂ ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಸಾನಪಾಡಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವನೇ ಠಾಣೆಯಲ್ಲೊಬ್ಬಳು ಸ್ಪೀಚ್ ಥೆರಪಿಸ್ಟನ್ನು ಹುಡುಕಿಕೊಂಡ. ಮೊದಲ ದಿನ ಅಮ್ಮನ ಜೊತೆ ನನ್ನನ್ನೂ ಕರೆದೊಯ್ದ. ಥೆರಪಿಸ್ಟ್ ಹಿಂದಿಯಲ್ಲಿ ಬಿಡಿಸಿ ಹೇಳಿದಳು: ನಾಲಿಗೆಯಲ್ಲಿ ದೋಷವಿಲ್ಲ, ಹೆದರಿಕೆಯಿಂದ ಬಂದದ್ದೂ ಅಲ್ಲ, ಉಗ್ಗು ಪೂರ್ತಿ ಹೋಗಲಿಕ್ಕಿಲ್ಲ. ಮೆಲ್ಲಗೆ ಶುರು ಮಾಡುವುದನ್ನು, ಮಾತು ಸಿಕ್ಕಿಕೊಂಡಲ್ಲಿ ಒದ್ದಾಡದಿರುವುದನ್ನು ಅವನು ಕಲಿಯಬೇಕು. ಮನೆಯವರು ಕಾಯುವುದನ್ನು ಕಲಿಯಬೇಕು.

"ಕಾಯ್ಲಿಕ್ಕೆ ಹೇಳುವುದಕ್ಕೂ ಫೀಸಾ ಮಾರಾಯ್ತಿ?" ಎಂದಳು ಭಾಗೀರಥಿ, ಲೋಕಲ್ ಟ್ರೈನ್ ಹತ್ತಿದ ಮೇಲೆ.

ಅವನಿಗೆ ಎಲ್ಲಕ್ಕಿಂತ ಕಷ್ಟ 'ಯಾ'. ನಿಶ್ಚಯವಾದ ಹುಡುಗಿಯ ಹೆಸರು ಯಾಮಿನಿ. ಹಣೆಬರಹ ಎನ್ನದೆ ಏನೆನ್ನಲಿ. ಅವಳನ್ನು 'ಏಯ್' ಎಂದೇ ಕರೆಯುತ್ತಿದ್ದ. ಅದೂ ಸಾಲದೆ, ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮರಾಠಿ ಹೆಂಗಸರು ಯಾವ ಮದುಮಕ್ಕಳನ್ನೂ ಉಖಾಣೆ ಹೇಳಿಸದೆ ಒಳಗೆ ಬಿಡುವವರಲ್ಲ. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಪ್ರಾಸ ಕಟ್ಟಿ ಬಾಗಿಲಲ್ಲೇ ಹೇಳಬೇಕು.

"ರಾಗವಾಗಿ ಹೇಳಿಬಿಡು, ಹಾಡುವಾಗ ನೀನು ಉಗ್ಗುವುದಿಲ್ಲವಲ್ಲ," ಎಂದೆ ನಾನು.

"ಹಾ… ಹಾಡಿದ್ರೆ ಬರ್ತದೆ ಆಂಟಿ. ಆದ್ರೆ ದಿನಾ ಹಾಡಿ ಕರೀಲಿಕ್ಕೆ ಆಗ್ತದಾ? ನಂಗೆ ಅವಳನ್ನು ಮಾ… ಮಾತಲ್ಲೇ ಕರೀಬೇಕು."

ಮದುವೆ ಮುಗಿಸಿ ಬಂದಾಗ ಬಾಗಿಲ ತುಂಬ ಹೆಂಗಸರು. ಯಾಮಿನಿ ತನ್ನ ಉಖಾಣೆಯನ್ನು ಪಟಪಟನೆ ಹೇಳಿಬಿಟ್ಟಳು. ಅವನ ಸರದಿ ಬಂತು. ದವಡೆ ಬಿಗಿಯಿತು, ಕತ್ತಿನ ನರ ಉಬ್ಬಿತು, ಸದ್ದೇ ಹೊರಡಲಿಲ್ಲ. ಹಿಂದಿನಿಂದ ಒಬ್ಬಳು "ಯಾಮಿ…" ಎಂದು ಹೇಳಿಕೊಡಲು ಹೊರಟಳು.

"ಥಾಂಬಾ," ಎಂದಳು ಭಾಗೀರಥಿ. ನಿಲ್ಲಿ ಎಂದು. "ಅವನೇ ಹೇಳ್ತಾನೆ." ಆರತಿ ತಟ್ಟೆ ಹಿಡಿದು ಕಾಯುತ್ತ ನಿಂತಳು.

ಸುಶ್ರುತ ಒದ್ದಾಡುವುದನ್ನು ಬಿಟ್ಟ. ಉಸಿರು ಎಳೆದುಕೊಂಡು ಮೆಲ್ಲಗೆ ಶುರು ಮಾಡಿದ. "ಯಾ… ಯಾ… ಯಾಮಿನಿ. ಒಳಗೆ ಬಾ."

ಪ್ರಾಸವೂ ಇಲ್ಲ, ಏನೂ ಇಲ್ಲ. ಉಖಾಣೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಯಾಮಿನಿ ಕಣ್ಣೊರೆಸಿಕೊಳ್ಳುತ್ತ, ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದೆಯುವುದನ್ನೂ ಮರೆತು ದಾಟಿಯೇ ಬಂದಳು.

ಭಾಗೀರಥಿ ತಟ್ಟೆಯನ್ನು ನನ್ನ ಕೈಗಿಟ್ಟಳು.

"ಲೋಲಾಕ್ಷಿ, ಇವನ ಸ್ವರ ಇವನ ಅಪ್ಪನ ಹಾಗೇ ಉಂಟು ಮಾರಾಯ್ತಿ," ಎಂದಳು. "ಇಷ್ಟು ವರ್ಷ ನಾನು ಕೇಳ್ಲೇ ಇಲ್ಲ ನೋಡು."