ಯಾರ ಊರು ಸಣ್ಣದು

ಗಲ್ಫಿನ ಸಿತ್ರಾದಲ್ಲಿ ನಮ್ಮ ಕಂಪನಿ ಬಸ್ಸಿನಲ್ಲಿ ಎಸಿಯ ತಂಪು ಸರಿಯಾಗಿ ಬರುವುದು ಮುಂದಿನ ಒಂದೇ ಸೀಟಿಗೆ. ಅದಕ್ಕಾಗಿ ನಾನೂ ವೇಲ್ಸ್‌ನ ಹಳ್ಳಿಯಿಂದ ಬಂದ ಫೋರ್‌ಮನ್ ಗ್ಯಾರೆತನೂ ಪಂದ್ಯ ಕಟ್ಟಿದೆವು: ಯಾರ ಊರು ಸಣ್ಣದೋ ಸೀಟು ಅವರಿಗೆ.

"ನಮ್ಮಲ್ಲಿ ಒಂದು ಚರ್ಚು, ಒಂದು ಪಬ್ಬು, ಉಳಿದದ್ದೆಲ್ಲ ಕುರಿ," ಎಂದ ಅವನು.

"ನಮ್ಮೂರಲ್ಲಿ ಎರಡು ಕೋಳಿ ಎದುರುಬದುರಾದರೆ, ಒಂದು ಪಕ್ಕದ ಊರಿಗೆ ಇಳಿದು ದಾರಿ ಬಿಡಬೇಕು ಮಾರಾಯ," ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಸೀಟಿನ ಮೇಲೆ ನನ್ನ ಬ್ಯಾಗು ಇಟ್ಟೂ ಆಯಿತು.

ಗ್ಯಾರೆತ್ ತಣ್ಣಗೆ ಊರಲ್ಲಿದ್ದ ತನ್ನ ತಾಯಿಗೆ ವಿಡಿಯೋ ಕಾಲ್ ಮಾಡಿ ನನ್ನ ಮುಖ ತೋರಿಸಿದ. ಆ ತಾಯಿ ಕನ್ನಡಕ ಸರಿಮಾಡಿಕೊಂಡು, "ಓ, ಬಸ್ಸಲ್ಲಿ ಗೊರಕೆ ಹೊಡೆಯುವವರು ನೀವೇ ಅಲ್ವಾ? ಭಾನುವಾರ ಚರ್ಚಿನಲ್ಲಿ ಎಲ್ಲರೂ ನಿಮ್ಮನ್ನು ವಿಚಾರಿಸುತ್ತಿದ್ದರು," ಎಂದರು. ಹಿಂದಿನಿಂದ ಅಂಚೆಯಾಕೆಯೂ ಇಣುಕಿ ಕೈ ಬೀಸಿದಳು.

ಅಷ್ಟು ಸಣ್ಣ ಊರಿನ ಎದುರು ವಾದ ನಿಲ್ಲುವುದಿಲ್ಲ. ಬ್ಯಾಗು ಎತ್ತಿಕೊಂಡು ಹಿಂದೆ ಹೋಗಿ ಬೆವರುತ್ತಾ ಕೂತೆ. ಏನೇ ಹೇಳಿ, ನಮ್ಮ ಕಾರ್ಕಳದ ಕಡೆಯವರಲ್ಲಿ ನಿದ್ದೆಯಲ್ಲೇ ವೇಲ್ಸ್‌ನ ತನಕ ಹೆಸರು ಮಾಡಿದವನು ನಾನೊಬ್ಬನೇ.