ಥೆಸಲೊನೀಕಿ: ಮಳೆ ಬಂದರೆ ಏನು ಮಾಡುವುದು

ಮಾರ್ಚ್ ತಿಂಗಳ ಕೊನೆಯ ಶನಿವಾರ ನನ್ನ ತಮ್ಮ ಪ್ರಶಾಂತನ ಹಡಗಿಗೆ ಆದೇಶ ಬಂತು. ಬ್ರೆಜಿಲ್‌ನಲ್ಲಿ ಸೋಯಾ ತುಂಬಿಸಿಕೊಂಡು ಗ್ರೀಸ್‌ನ ಥೆಸಲೊನೀಕಿ ಬಂದರಿನಲ್ಲಿ ಇಳಿಸಬೇಕು. ಮೇ ತಿಂಗಳ ಮೊದಲ ವಾರಾಂತ್ಯದ ಹೊತ್ತಿಗೆ ತಲುಪುವ ಅಂದಾಜು. ಸುದ್ದಿ ತಿಳಿದ ದಿನವೇ ಜಪಾನಿನ ಹಮಾಮತ್ಸುವಿನ ನಮ್ಮ ಅಡುಗೆಮನೆಯಲ್ಲಿ ಕುಳಿತು ಆ ಊರಿನಲ್ಲಿ ಎರಡು ರಾತ್ರಿಗೆ ಕೋಣೆ ಕಾಯ್ದಿರಿಸಿದೆ. ಊರಿನ ಹೆಸರು ಇನ್ನೂ ನಾಲಗೆಗೆ ಕೂತಿರಲಿಲ್ಲ.

ನಾವಿಬ್ಬರೂ ಕಾರವಾರದವರು. ಅಲ್ಲಿನ ಮನೆ ಮಾರಿದ ಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಬಾಗಿಲು ತಟ್ಟಬಹುದಾದ ವಿಳಾಸವೊಂದು ಉಳಿದಿಲ್ಲ. ಪ್ರಶಾಂತ ಸರಕು ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್. ನಾನು ರಜೆಗೆ ಭಾರತಕ್ಕೆ ಹೋದರೆ ಅವನು ಸಮುದ್ರದಲ್ಲಿರುತ್ತಾನೆ. ಅವನಿಗೆ ರಜೆ ಸಿಕ್ಕಾಗ ನನ್ನ ಮಗಳು ಅನ್ವಿಗೆ ಇಲ್ಲಿ ಪರೀಕ್ಷೆ. ಮುಖಾಮುಖಿಯಾಗಿ ಐದು ವರ್ಷವಾಯಿತು. ಆಗ ನಾಲ್ಕು ವರ್ಷದವಳಿದ್ದ ಅನ್ವಿಗೆ ಮಾಮನೆಂದರೆ ಈಗ ಫೋನಿನ ಒಂದು ದನಿ ಮಾತ್ರ.

ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿದವಳು ನಾನು. ಗಂಡ ಸುಧೀರನಿಗೆ ಇಲ್ಲಿನ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಬಂದೆ. ಈಗ ಯಂತ್ರಗಳ ಕೈಪಿಡಿಗಳ ಇಂಗ್ಲಿಷ್ ತಿದ್ದುತ್ತೇನೆ. ಮೊದಲ ಚಳಿಗಾಲದಲ್ಲಿ ಮೂಲೆಯ ಕೊಂಬಿನಿಯಲ್ಲಿ, ಅಂದರೆ ಹಗಲೂ ರಾತ್ರಿ ತೆರೆದಿರುವ ಅಂಗಡಿಯಲ್ಲಿ, ‘ಕ್ಷಮಿಸಿ’ ಎಂಬರ್ಥದ ‘ಸುಮಿಮಾಸೆನ್’ ಎನ್ನಲೂ ಬಾರದೆ ಬೆರಳು ತೋರಿಸಿ ಸಾಮಾನು ಕೊಳ್ಳುತ್ತಿದ್ದೆ. ಈಗ ಮನೆ ಮಾಲೀಕನೊಂದಿಗೆ ನಲ್ಲಿಯ ವಿಷಯಕ್ಕೆ ಜಪಾನಿಯಲ್ಲೇ ವಾದ ಮಾಡಿ ಗೆಲ್ಲುತ್ತೇನೆ. ಹುಬ್ಬಳ್ಳಿಯಲ್ಲಿ ಬಸ್ಸು ಬಂದ ಮೇಲೆ ಬಂತು ಎನ್ನುತ್ತಿದ್ದೆವು. ಇಲ್ಲಿ ಬಸ್ಸು ಸ್ವಲ್ಪ ತಡವಾದರೂ ಚಾಲಕ ಮೈಕಿನಲ್ಲಿ ಕ್ಷಮೆ ಕೇಳುತ್ತಾನೆ. ಹೀಗೆ ಬದುಕಿ ಅಭ್ಯಾಸವಾದವರು ಮಾಡುವ ತಪ್ಪನ್ನೇ ನಾನು ಮಾಡಿದ್ದೆ: ಹಡಗಿನ ಅಂದಾಜನ್ನು ರೈಲಿನ ವೇಳಾಪಟ್ಟಿಯಂತೆ ಓದಿದ್ದೆ.

ಕಚೇರಿಯ ಗೆಳತಿ ಮುರಾಮಾತ್ಸು-ಸಾನ್‌ಗೆ ವಿಷಯ ಹೇಳಿದಾಗ ಅವರು ಟೀ ಲೋಟ ಕೆಳಗಿಟ್ಟರು.

“ವಾರಾಂತ್ಯಕ್ಕೆ ಗ್ರೀಸಾ? ದಾಂಗಾನ್ ಪ್ರವಾಸ ಅನ್ನಿ.”

ದಾಂಗಾನ್ ಎಂದರೆ ಬಂದೂಕಿನ ಗುಂಡು. ಹೋದ ವೇಗದಲ್ಲೇ ಮರಳುವ ಪ್ರವಾಸಕ್ಕೆ ಇಲ್ಲಿ ಆ ಹೆಸರು. ಮೇ ಆರಂಭದ ಸಾಲು ರಜೆಯಲ್ಲಿ ಅದು ಅಪರೂಪವೇನಲ್ಲ. “ನನಗೆ ಪಾಸ್‌ಪೋರ್ಟ್ ಇದ್ದರೆ ಸಾಕು, ನಾನೂ ಬರಲಾ?” ಎಂದು ನಕ್ಕರು. ನಮಗೆ ಭಾರತದ ಪಾಸ್‌ಪೋರ್ಟ್ ಒಂದೇ ಸಾಲದು. ವೀಸಾಕ್ಕಾಗಿ ಟೋಕಿಯೋಗೆ ಹೋಗಿ, ಯಾವ ರಾತ್ರಿ ಎಲ್ಲಿ ಮಲಗುತ್ತೇವೆ ಎಂಬುದನ್ನೆಲ್ಲ ತೋರಿಸಿ ಬಂದೆವು. ಏಪ್ರಿಲ್ ಎರಡನೇ ವಾರ ಮೂವರಿಗೂ ವೀಸಾ ಬಂತು.

ಅನ್ವಿ ಅಷ್ಟರಲ್ಲಿ ಶಿಯೊರಿ ಮಾಡಲು ಕುಳಿತಿದ್ದಳು. ಇಲ್ಲಿ ಶಾಲೆಯ ಪ್ರವಾಸಕ್ಕೆ ಮೊದಲು ಪ್ರತಿ ಮಗುವೂ ಕೈಯಾರೆ ಮಡಿಸಿ ಹೊಲಿಯುವ ಪುಟ್ಟ ಪುಸ್ತಕ ಅದು. ಎಲ್ಲಿಗೆ, ಯಾವಾಗ, ಚೀಲದಲ್ಲಿ ಏನಿರಬೇಕು ಎಲ್ಲ ಅದರಲ್ಲಿರುತ್ತದೆ. ನಾನು ಹೇಳಿದಂತೆ ಬರೆದಳು: ಶನಿವಾರ ಬೆಳಿಗ್ಗೆ ಬಂದರಿನ ಗೇಟಿನಲ್ಲಿ ಮಾಮನನ್ನು ಕರೆದುಕೊಳ್ಳುವುದು, ಮಾಮನ ಜೊತೆ ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ, ಕುಲೂರಿ, ತಿನ್ನುವುದು, ಮಾಮನ ಜೊತೆ ಸಮುದ್ರ ದಂಡೆಯ ಬಿಳಿ ಗೋಪುರ ಹತ್ತುವುದು. ಕೊನೆಯ ಪುಟ ಖಾಲಿ ಬಿಟ್ಟಳು.

“ಇದ್ಯಾಕೆ ಖಾಲಿ?”

“ಉತೆನ್ ಪೇಜ್ ಅಮ್ಮ. ಮಳೆ ಬಂದ್ರೆ ಏನ್ ಮಾಡೋದು ಅಂತ ಬರೀಬೇಕು. ಸೆನ್ಸೇ ಅದಿಲ್ದೆ ತಗೊಳಲ್ಲ.” ಸೆನ್ಸೇ ಎಂದರೆ ಅವಳ ಟೀಚರು.

“ಅಲ್ಲಿ ಮೇನಲ್ಲಿ ಅಷ್ಟು ಮಳೆ ಇರಲ್ಲ ಪುಟ್ಟಿ.”

“ಬಟ್ ಪೇಜ್ ಇರ್ಬೇಕು,” ಎಂದು ಅವಳು ಪೆನ್ಸಿಲ್ ಕೆಳಗಿಟ್ಟಳು.

ಮಳೆ ಬಂದದ್ದು ಬ್ರೆಜಿಲ್‌ನಲ್ಲಿ. ಮರುದಿನ ಸಂಜೆ ಪ್ರಶಾಂತ ಫೋನು ಮಾಡಿದ.

“ಅಕ್ಕ, ಲೋಡಿಂಗ್ ನಿಂತದೆ. ಸೋಯಾ ನೆನೀಬಾರ್ದು ನೋಡು, ಮಳೆ ಹನಿ ಬಿದ್ರೆ ಮುಚ್ಚಳ ಮುಚ್ಚೋದೇ.”

“ಹಾಗಾದ್ರೆ ಶನಿವಾರ?”

“ಹಡಗಂದ್ರೆ ನಿನ್ನ ಹಮಾಮತ್ಸು ಬಸ್ಸು ಅಂದ್ಕೊಂಡ್ಯಾ ಮಾರಾಯ್ತಿ? ಆ ಊರಿಗೆ ಬಂದ್ರೂ ಹಡಗು ಕಟ್ಟೋ ಧಕ್ಕೆ ಖಾಲಿ ಇರ್ಬೇಕು. ಇಲ್ಲಾಂದ್ರೆ ಹೊರಗೆ ಲಂಗರು ಹಾಕ್ಕೊಂಡು ಕಾಯೋದು. ಧಕ್ಕೆಗೆ ಕಟ್ಟೋ ತನಕ ನಂಗೆ ಇಳ್ಯೋಕ್ಕಿಲ್ಲ.”

“ನೀನು ಮೊದ್ಲೇ ಹೇಳ್ಬಾರ್ದಿತ್ತಾ?”

“ಹೇಳೋಕೆ ಬಿಟ್ಯಾ? ರೂಮ್ ಬುಕ್ ಮಾಡಿ ಫೋಟೋ ಕಳಿಸ್ದೆ.”

ಶಾಲೆಯ ರಜೆ, ಕಾರ್ಖಾನೆಯ ರಜೆ, ಟಿಕೆಟು, ಯಾವುದೂ ಸರಿಯುವಂತಿರಲಿಲ್ಲ. ಡೆಸ್ಕಿನಲ್ಲಿದ್ದಾಗ ಮುಖಪುಟದ ಸುದ್ದಿ ಕೈಕೊಟ್ಟರೆ ಹಾಕಲು ಇನ್ನೊಂದು ಸುದ್ದಿಯನ್ನು ಸದಾ ತಿದ್ದಿ ಇಟ್ಟಿರುತ್ತಿದ್ದೆ. ನಮ್ಮ ಸ್ವಂತ ಪ್ರವಾಸಕ್ಕೆ ಅಂಥದ್ದೇನೂ ಇರಲಿಲ್ಲ. ಅನ್ವಿಯ ಪುಸ್ತಕ ತರಿಸಿ, ಥೆಸಲೊನೀಕಿಯ ನಕ್ಷೆ ತೆರೆದು, ಖಾಲಿ ಪುಟ ತುಂಬಲು ಮೂವರೂ ಕುಳಿತೆವು. ದಂಡೆಯುದ್ದಕ್ಕೂ ನಡೆಯುವ ದಾರಿಯಿದೆ. ಸರದಿಗಾಗಿ ಕಾಯುವ ಹಡಗುಗಳು ಅಲ್ಲಿಂದ ಕಾಣುತ್ತವೆ ಎಂದು ಇನ್ನೂ ಫೋನಿನಲ್ಲಿದ್ದ ಪ್ರಶಾಂತನೇ ಹೇಳಿದ. ಕಾರವಾರದಲ್ಲಿ ಚಿಕ್ಕವರಿದ್ದಾಗ ದೂರದ ಹಡಗುಗಳಿಗೆ ನಾವಿಬ್ಬರೂ ಟವೆಲ್ ಬೀಸುತ್ತಿದ್ದೆವು. ಯಾರೂ ಮರಳಿ ಬೀಸುತ್ತಿರಲಿಲ್ಲ.

“ಕೆಂಪು ಕೊಡೆ ತಗೊಂಡು ಬಾ ಅಂತ ಹೇಳು ಅವಳಿಗೆ,” ಎಂದ ಪ್ರಶಾಂತ. “ಬಿಳಿ ಗೋಪುರದ ಹತ್ರ ನಿಂತ್ಕೊಳ್ಳಿ. ಬೈನಾಕ್ಯುಲರ್ ನಮ್ಮ ಹತ್ರ ಉಂಟು.”

ಅನ್ವಿ ಅದನ್ನು ಜಪಾನಿಯಲ್ಲಿ ಬರೆದಳು. ಕೆಳಗೆ ಕನ್ನಡದಲ್ಲಿ, ನಾನು ಕಲಿಸಿದ ಅಕ್ಷರಗಳಲ್ಲಿ, ‘ಮಾಮ’ ಎಂದು ಸೇರಿಸಿದಳು. ಅವನಿಗೆಂದು ಶೇಂಗಾ ಚಟ್ನಿಪುಡಿ ಮತ್ತು ಇಲ್ಲಿನ ಹಸಿರು ಚಹಾ ಒಂದೇ ಡಬ್ಬಿಗೆ ಹೋದವು. ಅವನು ಇಳಿಯದಿದ್ದರೆ ಹಡಗಿನ ಏಜೆಂಟರ ಕಚೇರಿಯಲ್ಲಿ ಅದನ್ನು ಬಿಟ್ಟು ಬರುವುದು ಎಂದೂ ಆ ಪುಟದಲ್ಲಿದೆ.

ಮಳೆ ನಿಂತು ಹಡಗು ಬ್ರೆಜಿಲ್ ಬಿಟ್ಟಿತು. ಇಂದು ಶುಕ್ರವಾರ, ನಾವು ಹೊರಡುವ ದಿನ. ವಿಮಾನ ನಿಲ್ದಾಣದಲ್ಲಿ ಜಪಾನಿನಲ್ಲಿ ನೆಲೆಸಿರುವ ವಿದೇಶಿಯರು ಹೊರಡುವಾಗ ಮರಳಿ ಬರುತ್ತೇವೆ ಎಂದು ಚೀಟಿಯಲ್ಲಿ ಗುರುತು ಹಾಕಬೇಕು. ಅನ್ವಿ ಮೂವರದನ್ನೂ ತಾನೇ ಹಾಕಿ, “ಭಾರತಕ್ಕೂ ಇಂಥಾ ಚೀಟಿ ಇದ್ಯಾ ಅಮ್ಮ?” ಎಂದು ಕೇಳಿದಳು. ಇಲ್ಲ ಎಂದೆ.

ಗೇಟಿನ ಬಳಿ ಕುಳಿತಿದ್ದಾಗ ಪ್ರಶಾಂತನ ಸಂದೇಶ ಬಂತು. ಹಡಗು ಥೆಸಲೊನೀಕಿಯ ಕೊಲ್ಲಿಯಲ್ಲಿ ಲಂಗರು ಹಾಕಿದೆ. ಧಕ್ಕೆಗೆ ಅವರ ಸರದಿ ಬಂದಿಲ್ಲ. ಅವನ ಕೋಣೆಯ ಕಿಟಕಿ ಊರಿನ ಕಡೆಗಿದೆ.