ರೊಟ್ಟಿ ಗಂಟು ಬಿಚ್ಚುವ ಮೊದಲೇ ಮುಗಿದ ಆಪರೇಷನ್

ಗೆಳೆಯರೇ, ಆಪರೇಷನ್ ಬೇಗ ಮುಗಿಯಿತೆಂದು ಜಗಳ ತೆಗೆದವರನ್ನು ನೋಡಿದ್ದೀರಾ? ನಾನು ಇವತ್ತು ನೋಡಿದೆ.

ಅಪ್ಪನ ಎಡಗಣ್ಣಿನ ಒಳಪರದೆ, ಅಂದರೆ ರೆಟಿನಾ, ಕಳಚಿ ಅರ್ಧ ಕತ್ತಲಾಗಿತ್ತು. ತಡವಾದರೆ ದೃಷ್ಟಿ ಹೋದಂತೆಯೇ ಎಂದು ಊರಿನ ಡಾಕ್ಟರ್ ಎಂದಿದ್ದರು. ನರಗುಂದದಿಂದ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಓಡಿದೆವು. ಅಪ್ಪನ ಅಕ್ಕ, ಅಸೂಟಿಯ ನಮ್ಮತ್ತೆ, ಸಂಜೆವರೆಗೆ ಕಾಯಬೇಕಾದೀತೆಂದು ದೊಡ್ಡ ಗಂಟು ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಗಂಟು ಬಿಚ್ಚುವ ಮೊದಲೇ ಅಪ್ಪನನ್ನು ಹೊರಗೆ ತಂದರು! ಅತ್ತೆ ನರ್ಸಮ್ಮನನ್ನು ಅಡ್ಡಗಟ್ಟಿದಳು.

“ನಮ್ಮೂರ ಟೇಲರ್ ಒಂದ ಕುಬಸ ಹೊಲಿಯಾಕ ವಾರ ಹಚ್ಚತಾನ. ನೀವು ಕಣ್ಣಿನ ಪರದಿ ಇಷ್ಟ ಲಗೂ ಕೂಡಿಸಿದ್ರ ಗಟ್ಟಿ ಕುಂದರತೈತೇನವಾ?”

ನರ್ಸಮ್ಮ ನಕ್ಕರು. “ನಿಮ್ಮ ತಮ್ಮಾರು ಒಳಗ ಬರೂಕಿಂತ ಮೊದಲ ಎಲ್ಲಾ ಜೋಡಿಸಿ ಇಟ್ಟಿದ್ವಿರಿ ಅಮ್ಮಾರ. ಕಡಿಮಿ ಮಾಡಿದ್ದು ಕಾಯೂ ಹೊತ್ತು, ಕೆಲಸ ಅಲ್ಲ. ಅದಕ್ಕ ಅಲ್ಲಿ ಕುಂತ ಗಜೇಂದ್ರಗಡದವರ ಪೇಶಂಟಿಗೂ ಇವತ್ತ ಪಾಳಿ ಸಿಕ್ತು.”

ಅತ್ತೆ ತಣ್ಣಗಾದಳು. ಹೊರಗೆ ಕಾಯುತ್ತಿದ್ದ ಆ ಪೇಶಂಟಿನ ಮನೆಯವರ ಪಕ್ಕದಲ್ಲೇ ಕೂತು ಗಂಟು ಬಿಚ್ಚಿ, ಮೊದಲ ರೊಟ್ಟಿ ಅವರ ಕೈಗಿಟ್ಟಳು.

ಪರದೆ ಅಂಟಿಕೊಳ್ಳಲೆಂದು ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ. ಹಾಗಾಗಿ ಅಪ್ಪ ಕೆಲವು ದಿನ ತಲೆ ತಗ್ಗಿಸಿಯೇ ಇರಬೇಕು. ಕಾಳಿನ ಪೇಟೆಯ ವ್ಯವಹಾರದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ! ಸಂಜೆ ಡಾಕ್ಟರ್ ಬಂದಾಗ, ನೆಲದ ಮೇಲೆ ಕಂಡ ಅವರ ಬೂಟುಗಳಿಗೇ ಕೈಮುಗಿದ.

“ಡಾಕ್ಟರ್ ಸಾಹೇಬ್ರ, ತಲಿ ತಗ್ಗಿಸು ಅಂತ ನೀವ ಹೇಳಿದ್ದು ಖರೇ. ಹೇಳದಿದ್ರೂ ತಗ್ಗಸ್ತಿದ್ನಿರಿ.”